ಕಡವಿನ ಲೆಕ್ಕ

ಕೆಂಜಾರಿನ ಗುಡ್ಡದ ಮೇಲೆ ಗಾಜಿನ ಕೋಣೆ.
ಗೋಡೆಯಲ್ಲಿ ಎರಡು ಗಡಿಯಾರ,
ಒಂದು ನಮ್ಮದು, ಇನ್ನೊಂದು ಆಕಾಶದ್ದು.
ಬಜಪೆಯ ಕೋಳಿ ಕೂಗಿದರೂ
ಆಕಾಶಕ್ಕೆ ಇನ್ನೂ ನಿನ್ನೆ.

ರಾತ್ರಿ ಒಂಬತ್ತಕ್ಕೆ ವಿನ್ಸಿ ಡೇಸಾ ಹೆಡ್‌ಸೆಟ್ ಕಳಚಿದಳು.
ಗಾಳಿಯ ದಿಕ್ಕು, ಮೋಡದ ಎತ್ತರ,
ರನ್‌ವೇ ಅಂಚಿನಲ್ಲಿ ಕಂಡ ಒಂದು ನರಿ,
ಎಲ್ಲ ಒಪ್ಪಿಸಿ ಸಹಿ ಹಾಕಿದಳು.
ಅದರ ಕೆಳಗೆ ನನ್ನ ಸಹಿ.
ನರಿಯೂ ಈಗ ನನ್ನದೇ.

ನನ್ನ ಅಜ್ಜ ದೂಮ ಫಲ್ಗುಣಿಯಲ್ಲಿ ಕಡವು ನಡೆಸುತ್ತಿದ್ದ,
ಸೇತುವೆ ಬರುವ ಮೊದಲಿನ ಮಾತು.
ಆಚೆ ದಡದಲ್ಲಿ ಯಾರೋ ಬಾಯಿಗೆ ಕೈಯಿಟ್ಟು
ಓ... ಎಂದರೆ
ಈಚೆಯಿಂದ ಅಜ್ಜನೂ ಓ... ಎನ್ನಬೇಕು.
ಎನ್ನದಿದ್ದರೆ ಕೇಳಿಸಿತೋ ಇಲ್ಲವೋ
ನಿಂತವನಿಗೆ ತಿಳಿಯುವುದು ಹೇಗೆ?

ಅಲಹಾಬಾದಿನ ತರಬೇತಿಯ ಮೊದಲ ವಾರ ಕಲಿಸಿದ್ದೂ ಅದನ್ನೇ:
ನೀನು ಹೇಳಿದ್ದನ್ನು ಪೈಲಟ್ ತಿರುಗಿ ಹೇಳುವವರೆಗೆ
ನೀನು ಹೇಳಿಯೇ ಇಲ್ಲ.
ನಗು ಬಂತು. ಇಷ್ಟಕ್ಕೆ
ಎರಡು ರೈಲು ಬದಲಿಸಿ ಬಂದೆನೇ!

ಕೊಯ್ಲಾದ ಮೇಲೆ ಅಜ್ಜಿ ಸೇರು ಹಿಡಿದು ಮನೆಮನೆಗೆ ಹೋಗುತ್ತಿದ್ದಳು.
ದಾಟಿದವರೂ ದಾಟದವರೂ ಭತ್ತ ಅಳೆದು ಕೊಡಬೇಕು.
ಈ ವರ್ಷ ನಾನು ಹೊಳೆಯ ಮುಖವನ್ನೇ ನೋಡಿಲ್ಲ ಎಂದ ಶೀನ ಮೂಲ್ಯನಿಗೆ
ಅಜ್ಜಿ ಹೇಳಿದಳಂತೆ:
ದೋಣಿ ನಿನ್ನನ್ನು ಕಾದಿತ್ತಲ್ಲ.

ನಮ್ಮ ಲೆಕ್ಕವೂ ಹಾಗೇ.
ನೆಲ ಮುಟ್ಟದೆ, ಮೂವತ್ತೈದು ಸಾವಿರ ಅಡಿ ಮೇಲೆ
ಮಸ್ಕತ್ತಿನಿಂದ ಕೊಲಂಬೊಗೆ ಹೋಗುವವರೂ ಸುಂಕ ಕಟ್ಟುತ್ತಾರೆ,
ತೂಕಕ್ಕಿಷ್ಟು, ದೂರಕ್ಕಿಷ್ಟು.
ಗಾಳಿಗಲ್ಲ. ಗಾಳಿ ಯಾರಪ್ಪನದೂ ಅಲ್ಲ.
ಎಲ್ಲೋ ಒಬ್ಬರು ಎಚ್ಚರವಿದ್ದುದಕ್ಕೆ.

ಮೂರೂವರೆಗೆ ಕಡಲಿನಿಂದ ಮಳೆ ಎದ್ದು ಬಂತು.
ಮೊದಲು ಪಣಂಬೂರಿನ ದೀಪಗಳು ಹೋದವು,
ಆಮೇಲೆ ತೈಲ ಕಾರ್ಖಾನೆಯ ಚಿಮಣಿಯ ಬೆಂಕಿ,
ಆಮೇಲೆ ರನ್‌ವೇಯ ಆಚೆ ತುದಿ.
ಆ ತುದಿಯಲ್ಲಿ ನೆಲ ಮುಗಿಯುತ್ತದೆ.
ಇಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ದಮ್ಮಾಮಿನ ವಿಮಾನ ಕಡಲ ಮೇಲೆ ಸುತ್ತು ಹಾಕುತ್ತಿತ್ತು.
ಕಾಣುವ ದೂರ ಆರುನೂರು ಮೀಟರ್, ಎಂದೆ.
ಆರುನೂರು, ಎಂದ.
ಐನೂರು.
ಐನೂರು.
ಇನ್ನೆಷ್ಟು ಹೊತ್ತು ಅನ್ನಿಸುತ್ತದೆ ಮೇಡಂ?
ಅದು ಮಳೆಯನ್ನು ಕೇಳಬೇಕಾದ ಪ್ರಶ್ನೆ.
ಇಳಿಯುವುದು ಬಿಡುವುದು ಅವನ ತೀರ್ಮಾನ,
ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಕೆಲಸ,
ಆಸೆಗೆ ಒಂದು ಮೀಟರೂ ಸೇರಿಸದೆ.
ನಾಲ್ಕುನೂರು, ಎಂದೆ.
ಈ ಸಲ ತಿರುಗಿ ಬರಲು ತುಸು ತಡವಾಯಿತು.
ನಾಲ್ಕುನೂರು. ಕೊಚ್ಚಿಗೆ ಹೋಗುತ್ತೇವೆ.

ಆಟಿಯ ಕೆಂಪು ನೀರಿಗೆ ಅಜ್ಜ
ಹುಟ್ಟನ್ನು ಒಳಗೆ ಒರಗಿಸಿಟ್ಟು ಬಿಡುತ್ತಿದ್ದ.
ಆಚೆ ದಡದಿಂದ ಬೈಗುಳ ಬರುತ್ತಿತ್ತು,
ಅವನ ತಾಯಿಯವರೆಗೂ ಹೋಗುತ್ತಿತ್ತು.
ಅಜ್ಜ ಅದಕ್ಕೂ ಓ ಎನ್ನುತ್ತಿದ್ದ.

ದಾರಿ ಕೊಟ್ಟೆ, ಎತ್ತರ ಕೊಟ್ಟೆ,
ಚೆನ್ನೈಗೆ ಫೋನು ಮಾಡಿ ಅವನನ್ನು ಒಪ್ಪಿಸಿದೆ.
ಕೆಳಗೆ, ಬರುವವರ ಬಾಗಿಲಲ್ಲಿ,
ಮಲಗಿದ ಮಗುವನ್ನು ಹೆಗಲು ಬದಲಿಸುತ್ತ
ಯಾರೋ ಬೋರ್ಡು ನೋಡಿ ಏನೋ ಅಂದಿರಬೇಕು.
ಈ ಗಾಜು ದಪ್ಪ.

ಐದಕ್ಕೆ ಮಳೆ ನಿಂತಿತು, ಏನೂ ಮಾಡದವರ ಹಾಗೆ.
ನಿನ್ನೆಯ ತಾರೀಕು ಹಾಕಿ
ಇಳಿಯಲಿಲ್ಲ ಎಂದು ಬರೆದೆ.
ನರಿ ಮತ್ತೆ ಕಾಣಲಿಲ್ಲ, ಅದನ್ನೂ ಬರೆದೆ.

ಏಳಕ್ಕೆ ಸ್ಕೂಟರಿನಲ್ಲಿ ಸೇತುವೆ ದಾಟುವಾಗ
ನೀರು ಕೆಂಪಗಿತ್ತು, ಕಂಬದ ಬುಡದಲ್ಲಿ
ಯಾರದೋ ದೋಣಿ ಹಗ್ಗ ಜಗ್ಗುತ್ತಿತ್ತು.
ಮೋಡದೊಳಗೆ ಎಂಜಿನ್ನಿನ ಸದ್ದು.
ಕೊಚ್ಚಿಯಿಂದ ಮರಳುತ್ತಿರಬೇಕು.
ನನ್ನ ಪಾಳಿ ಮುಗಿದಿದೆ. ಕುರ್ಚಿಯಲ್ಲಿ ಬೇರೆಯವರಿದ್ದಾರೆ.
ಆದರೂ ಹೆಲ್ಮೆಟ್ಟಿನೊಳಗೆ, ಯಾರಿಗೂ ಕೇಳಿಸದ ಹಾಗೆ,
ಓ, ಎಂದೆ.